ಟೈರ್ ಅಳತೆ ಮತ್ತು ಸ್ಪೀಡೋಮೀಟರ್

ಕಾರಿನ ಸ್ಪೀಡೋಮೀಟರ್ ರಸ್ತೆಯನ್ನು ಅಳೆಯುವುದಿಲ್ಲ, ಚಕ್ರದ ಸುತ್ತುಗಳನ್ನು ಎಣಿಸುತ್ತದೆ. ಆದ್ದರಿಂದ ಟೈರ್ ಬದಲಿಸುವಾಗ ಮುಖ್ಯವಾದದ್ದು ರಿಮ್ಮಿನ ಇಂಚಲ್ಲ, ಒಟ್ಟು ವ್ಯಾಸ. 185/65 ಆರ್15 ಟೈರಿನ ಪಕ್ಕೆಯ ಎತ್ತರ 185 ಮಿ.ಮೀ. ಅಗಲದ ಶೇ. 65, ಅಂದರೆ 120.25 ಮಿ.ಮೀ.; ಅದರ ಎರಡರಷ್ಟಕ್ಕೆ ರಿಮ್ಮಿನ 15 ಇಂಚು, ಅಂದರೆ 381 ಮಿ.ಮೀ. ಸೇರಿದರೆ ವ್ಯಾಸ 621.5 ಮಿ.ಮೀ. 165/80 ಆರ್14ರದು 619.6, ರಿಮ್ ಬೇರೆಯಾದರೂ ಮೀಟರಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಅದೇ 15 ಇಂಚಿನ ರಿಮ್ಮಿಗೆ 205/65 ಹಾಕಿದರೆ ವ್ಯಾಸ 647.5ಕ್ಕೇರುತ್ತದೆ, ಮೊದಲು ಸರಿಯಾಗಿದ್ದ ಮೀಟರ್ 100 ತೋರಿಸುವಾಗ ಕಾರು 104ರಲ್ಲಿ ಓಡುತ್ತಿರುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಟೈರ್ ಚಕ್ರದ ಗೂಡಿನ ಒಳಗೋಡೆಗೆ ಉಜ್ಜಲೂಬಹುದು.

ಮೀಟರ್ ಹೇಗೂ ತುಸು ಹೆಚ್ಚೇ ತೋರಿಸುತ್ತದಲ್ಲ ಎಂಬ ವಾದವಿದೆ. ನಿಜ, ಆದರೆ ಆ ಹೆಚ್ಚಳ ಎಲ್ಲ ಕಾರುಗಳಲ್ಲೂ ಒಂದೇ ಅಲ್ಲ. ಅದನ್ನು ನಂಬಿ ಅಳತೆ ಹೆಚ್ಚಿಸುವುದು ತಪ್ಪು ಲೆಕ್ಕ. ತಯಾರಕರು ಸೂಚಿಸಿದ ಅಳತೆಯನ್ನು ಕೈಪಿಡಿಯಲ್ಲಿ ನೋಡಿಯೇ ಟೈರ್ ಕೊಳ್ಳಿ.