ಸಹಿ ಹೊತ್ತ ಡ್ರೈವರ್‌ಗಳು: ಅಧಿಕಾರದ ಅಕ್ರಮ ಬಡ್ತಿಯ ಒಂದು ಚರಿತ್ರೆ

ಒಂದೇ ಕಂಪ್ಯೂಟರಿನಲ್ಲಿ ಓಡುವ ತಂತ್ರಾಂಶಗಳಿಗೆಲ್ಲ ಒಂದೇ ಪ್ರಮಾಣದ ಅಧಿಕಾರ ಇರಕೂಡದೆಂಬ ತತ್ತ್ವವು 1960ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಮಲ್ಟಿಕ್ಸ್ ವ್ಯವಸ್ಥೆಯಲ್ಲಿಯೇ ಸ್ಪಷ್ಟವಾಗಿ ಕಾಣಿಸಿಕೊಂಡಿತ್ತು. ಅಧಿಕಾರವನ್ನು ಒಂದರೊಳಗೊಂದು ಅಡಕವಾದ ವಲಯಗಳಾಗಿ ವಿಂಗಡಿಸಿ, ಒಳಗೆ ಹೋದಷ್ಟೂ ಸ್ವಾತಂತ್ರ್ಯ ಹೆಚ್ಚುವಂತೆ ಅಲ್ಲಿ ಏರ್ಪಡಿಸಲಾಗಿತ್ತು. ಇಂಟೆಲ್ ಸಂಸ್ಥೆಯು 1982ರಲ್ಲಿ ಹೊರತಂದ 80286 ಪ್ರೊಸೆಸರಿನಲ್ಲಿ ಇಂಥ ನಾಲ್ಕು ವಲಯಗಳಿದ್ದವು. 1993ರಲ್ಲಿ ಬಂದ ವಿಂಡೋಸ್ ಎನ್‌ಟಿ ಅವುಗಳಲ್ಲಿ ಎರಡನ್ನು ಮಾತ್ರ ಬಳಸಿಕೊಂಡು, ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲನ್ನು ಎಲ್ಲಕ್ಕಿಂತ ಒಳಗಿನ ಸೊನ್ನೆಯ ವಲಯದಲ್ಲಿಯೂ ಬಳಕೆದಾರರ ತಂತ್ರಾಂಶಗಳನ್ನು ಎಲ್ಲಕ್ಕಿಂತ ಹೊರಗಿನ ಮೂರನೆಯ ವಲಯದಲ್ಲಿಯೂ ಇರಿಸಿತು. ಯಂತ್ರಭಾಗಗಳೊಡನೆ ವ್ಯವಹರಿಸುವುದಕ್ಕಾಗಿ ಕರ್ನಲಿನೊಳಗೆ ಸೇರಿಸುವ ತುಣುಕು ತಂತ್ರಾಂಶವೇ ಡ್ರೈವರ್. ಹೊರವಲಯದ ತಂತ್ರಾಂಶವೊಂದು ತನಗೆ ಸಲ್ಲದ ಒಳವಲಯದ ಅಧಿಕಾರವನ್ನು ಯಾವುದೋ ದೋಷದ ಮೂಲಕ ಪಡೆದುಕೊಂಡರೆ ಅದು ಅಧಿಕಾರದ ಅಕ್ರಮ ಬಡ್ತಿ. ಪ್ರೊಸೆಸರಿನ ಉಷ್ಣಾಂಶವನ್ನು ಅಳೆಯುವ, ಫ್ಯಾನಿನ ವೇಗವನ್ನು ಹೊಂದಿಸುವ, ಮದರ್‌ಬೋರ್ಡಿನ ಬಣ್ಣದ ದೀಪಗಳನ್ನು ಬೆಳಗಿಸುವ ಚಿಕ್ಕಪುಟ್ಟ ತಂತ್ರಾಂಶಗಳ ಡ್ರೈವರ್‌ಗಳು ಇಂಥ ಬಡ್ತಿಗೆ ದಾರಿಯಾದದ್ದು ಒಂದೆರಡು ಕಂಪನಿಗಳ ಅಜಾಗರೂಕತೆಯಿಂದ ಮಾತ್ರವಲ್ಲ; ಅದರ ಹಿಂದೆ ಕಂಪ್ಯೂಟರ್ ಉದ್ಯಮದ ಒಂದು ಹಳೆಯ ರೂಢಿಯಿದೆ.

ಆ ರೂಢಿಯ ಬೇರು ಡಾಸ್ ಕಾಲದ್ದು. 1980ರ ದಶಕದ ಡಾಸ್ ವ್ಯವಸ್ಥೆಯಲ್ಲಿ ವಲಯಗಳ ಕಟ್ಟುಪಾಡು ಇರಲಿಲ್ಲವಾದ್ದರಿಂದ, ಯಾವುದೇ ತಂತ್ರಾಂಶವು ಪ್ರೊಸೆಸರಿಗೂ ಇತರ ಚಿಪ್‌ಗಳಿಗೂ ನಡುವಿನ ಸಂಪರ್ಕದ್ವಾರಗಳಾದ ಪೋರ್ಟ್‌ಗಳಿಗೆ ನೇರವಾಗಿ ಅಂಕಿಗಳನ್ನು ಕಳುಹಿಸಬಹುದಿತ್ತು, ಅಲ್ಲಿಂದ ಓದಿಕೊಳ್ಳಬಹುದಿತ್ತು. ಮದರ್‌ಬೋರ್ಡುಗಳಲ್ಲಿ ಉಷ್ಣಾಂಶ, ವೋಲ್ಟೇಜು ಮತ್ತು ಫ್ಯಾನಿನ ವೇಗವನ್ನು ಅಳೆಯುವ ಚಿಪ್‌ಗಳು 1990ರ ದಶಕದಲ್ಲಿ ಬಳಕೆಗೆ ಬಂದಾಗ, ಅವುಗಳನ್ನು ಓದುವ ತಂತ್ರಾಂಶಗಳನ್ನು ಬರೆದವರು ಇದೇ ಪದ್ಧತಿಯಲ್ಲಿ ಕೈ ಪಳಗಿಸಿಕೊಂಡವರಾಗಿದ್ದರು. ವಿಂಡೋಸ್ 95 ಮತ್ತು 98 ಈ ಪದ್ಧತಿಯನ್ನು ಬಹುಮಟ್ಟಿಗೆ ನಡೆಯಗೊಟ್ಟವು. ವಿಂಡೋಸ್ ಎನ್‌ಟಿ ಮಾತ್ರ ಒಪ್ಪದೆ, ಪೋರ್ಟನ್ನು ನೇರವಾಗಿ ಮುಟ್ಟಲು ಹೋದ ತಂತ್ರಾಂಶವನ್ನು ಅಲ್ಲಿಗೇ ನಿಲ್ಲಿಸುತ್ತಿತ್ತು.

ಈ ತಡೆಯನ್ನು ದಾಟುವ ಒಂದು ಉಪಾಯವನ್ನು 1996ರಲ್ಲಿ ಡೇಲ್ ರಾಬರ್ಟ್ಸ್ ಎಂಬ ಲೇಖಕರು ಅಮೆರಿಕದ ‘ಡಾಕ್ಟರ್ ಡಾಬ್ಸ್ ಜರ್ನಲ್’ ಎಂಬ ತಂತ್ರಾಂಶ ಪತ್ರಿಕೆಯಲ್ಲಿ ವಿವರಿಸಿದರು. ಇಂಟೆಲ್ ಪ್ರೊಸೆಸರಿನಲ್ಲಿ ಒಟ್ಟು 65,536 ಪೋರ್ಟ್ ವಿಳಾಸಗಳಿದ್ದು, ಪ್ರತಿಯೊಂದಕ್ಕೂ ಒಂದೊಂದು ಬಿಟ್‌ನಂತೆ 8,192 ಬೈಟ್‌ಗಳ ಅನುಮತಿಪಟ್ಟಿಯೊಂದು ಇರುತ್ತದೆ. ಬಿಟ್ 1 ಆಗಿದ್ದರೆ ಆ ಪೋರ್ಟ್ ನಿಷಿದ್ಧ, 0 ಆಗಿದ್ದರೆ ಮುಕ್ತ. ರಾಬರ್ಟ್ಸ್ ಅವರ ‘ಗಿವ್‌ಐಒ’ ಎಂಬ ಪುಟ್ಟ ಡ್ರೈವರ್ ಕರ್ನಲಿನೊಳಗೆ ಕುಳಿತು, ತನ್ನನ್ನು ತೆರೆದ ತಂತ್ರಾಂಶದ ಮಟ್ಟಿಗೆ ಇಡೀ ಪಟ್ಟಿಯನ್ನು ಸೊನ್ನೆಗಳಿಂದ ತುಂಬಿಬಿಡುತ್ತಿತ್ತು. ಬೇಕಾದದ್ದು ಎರಡೋ ಮೂರೋ ಪೋರ್ಟ್‌ಗಳಾದರೂ ಸಿಗುತ್ತಿದ್ದದ್ದು ಎಲ್ಲವೂ. ಇದು ಪ್ರಯೋಗಶೀಲ ತಂತ್ರಜ್ಞರಿಗೆಂದು ತೋರಿಸಿಕೊಟ್ಟ ಉಪಾಯವಾಗಿದ್ದರೂ ಬಹುಬೇಗ ಸಾಮಾನ್ಯ ಬಳಕೆಯ ಸರಕಾಯಿತು; ಫ್ಯಾನಿನ ವೇಗವನ್ನು ನಿಯಂತ್ರಿಸುವ ಜನಪ್ರಿಯ ‘ಸ್ಪೀಡ್‌ಫ್ಯಾನ್’ ತಂತ್ರಾಂಶವು ತನ್ನ ಸ್ವಂತ ಡ್ರೈವರಿನ ಜೊತೆಗೆ ಗಿವ್‌ಐಒವನ್ನೂ ಬಳಕೆದಾರರ ಯಂತ್ರಗಳಿಗೆ ಸೇರಿಸುತ್ತಿತ್ತು.

ಮುಂದೆ ಬಂದ ಡ್ರೈವರ್‌ಗಳು ಪೋರ್ಟ್‌ಗಳಷ್ಟಕ್ಕೇ ನಿಲ್ಲಲಿಲ್ಲ. ಕಂಪ್ಯೂಟರಿನ ಭೌತಿಕ ಮೆಮೊರಿಯ ಯಾವುದೇ ಭಾಗವನ್ನು ಓದುವ ಹಾಗೂ ಬರೆಯುವ ಸೌಲಭ್ಯವನ್ನೂ, ಪ್ರೊಸೆಸರಿನ ನಡವಳಿಕೆಯನ್ನೇ ನಿರ್ಧರಿಸುವ ಎಂಎಸ್‌ಆರ್ ಎಂಬ ವಿಶೇಷ ರಿಜಿಸ್ಟರ್‌ಗಳನ್ನು ಬದಲಿಸುವ ಸೌಲಭ್ಯವನ್ನೂ ಅವು ಹೊರವಲಯದ ತಂತ್ರಾಂಶಗಳಿಗೆ ಒದಗಿಸತೊಡಗಿದವು. ಜಪಾನಿನ ತಂತ್ರಾಂಶಕಾರರೊಬ್ಬರು ರಚಿಸಿದ ‘ವಿನ್‌ರಿಂಗ್0’ ಈ ಬಗೆಯ ಡ್ರೈವರ್‌ಗಳಲ್ಲಿ ಹೆಚ್ಚು ಪ್ರಸಾರ ಪಡೆದದ್ದು. ಮುಕ್ತವಾಗಿ ದೊರೆಯುತ್ತಿದ್ದ ಅದನ್ನು ಉಷ್ಣಾಂಶ ಸೂಚಕಗಳು, ಫ್ಯಾನ್ ನಿಯಂತ್ರಕಗಳು ಮತ್ತು ದೀಪಾಲಂಕಾರದ ತಂತ್ರಾಂಶಗಳು ಒಂದರ ಹಿಂದೊಂದು ಅಳವಡಿಸಿಕೊಂಡವು. ಇದಕ್ಕೆ ವ್ಯಾವಹಾರಿಕ ಕಾರಣಗಳಿದ್ದವು. ಮದರ್‌ಬೋರ್ಡ್ ತಯಾರಕರು ವರ್ಷವರ್ಷವೂ ಹೊಸ ಮಾದರಿಗಳನ್ನು ಹೊರತರುತ್ತಾರೆ, ಪ್ರತಿಯೊಂದರಲ್ಲೂ ಚಿಪ್‌ಗಳ ಜೋಡಣೆ ಬೇರೆಬೇರೆ. ಅಷ್ಟಕ್ಕೂ ಒಂದೊಂದು ಡ್ರೈವರ್ ಬರೆಯುವುದಕ್ಕಿಂತ, ಏನನ್ನಾದರೂ ಓದಿ ಏನನ್ನಾದರೂ ಬರೆಯಬಲ್ಲ ಒಂದೇ ಡ್ರೈವರನ್ನು ಇಟ್ಟುಕೊಂಡು ಚಿಪ್‌ಗಳ ತಿಳಿವಳಿಕೆಯನ್ನೆಲ್ಲ ಹೊರವಲಯದ ತಂತ್ರಾಂಶದಲ್ಲಿ ತುಂಬುವುದು ಅಗ್ಗವೂ ಸುಲಭವೂ ಆಗಿತ್ತು. ಅದರ ಮೇಲೆ, ಸಾಮಾನ್ಯ ಬಳಕೆದಾರರಿಗೆ ತೊಡಕಾಗದಿರಲೆಂದು ಅನೇಕ ತಯಾರಕರು ಡ್ರೈವರನ್ನು ತೆರೆಯುವ ಹಕ್ಕನ್ನು ಯಂತ್ರದ ನಿರ್ವಾಹಕನಿಗೆ ಸೀಮಿತಗೊಳಿಸದೆ ಎಲ್ಲರಿಗೂ ಬಿಟ್ಟುಕೊಟ್ಟರು.

ಇದರಿಂದ ಅಧಿಕಾರದ ಬಡ್ತಿ ಹೇಗೆ ಸಾಧ್ಯವಾಗುತ್ತದೆಂಬುದು ಒಂದು ಉದಾಹರಣೆಯಿಂದ ಸ್ಪಷ್ಟವಾಗುತ್ತದೆ. ವಿಂಡೋಸಿನಲ್ಲಿ ಓಡುವ ಪ್ರತಿಯೊಂದು ತಂತ್ರಾಂಶಕ್ಕೂ ಕರ್ನಲಿನ ಮೆಮೊರಿಯಲ್ಲಿ ಒಂದು ದಾಖಲೆಯಿರುತ್ತದೆ. ಆ ತಂತ್ರಾಂಶ ಯಾರ ಹೆಸರಿನಲ್ಲಿ ನಡೆಯುತ್ತಿದೆ, ಅದಕ್ಕೆ ಯಾವ ಹಕ್ಕುಗಳಿವೆ ಎಂಬುದನ್ನು ಹೇಳುವ ‘ಟೋಕನ್’ ಎಲ್ಲಿದೆಯೆಂಬ ವಿಳಾಸವೂ ಆ ದಾಖಲೆಯಲ್ಲೇ ಬರೆದಿರುತ್ತದೆ. ಭೌತಿಕ ಮೆಮೊರಿಯನ್ನು ಬರೆಯಗೊಡುವ ಡ್ರೈವರೊಂದು ಕೈಗೆ ಸಿಕ್ಕರೆ, ಸಾಮಾನ್ಯ ಬಳಕೆದಾರನ ತಂತ್ರಾಂಶವು ಮೆಮೊರಿಯನ್ನು ಜಾಲಾಡಿ, ಎಲ್ಲ ಹಕ್ಕುಗಳೊಂದಿಗೆ ನಡೆಯುವ ‘ಸಿಸ್ಟಂ’ ಎಂಬ ಪ್ರಕ್ರಿಯೆಯ ದಾಖಲೆಯಲ್ಲಿರುವ ಟೋಕನ್ ವಿಳಾಸವನ್ನು ನಕಲು ಮಾಡಿ, ತನ್ನ ದಾಖಲೆಯಲ್ಲಿ ಬರೆದುಕೊಳ್ಳಬಹುದು. ಎಂಟು ಬೈಟ್‌ಗಳ ಈ ತಿದ್ದುಪಡಿಯೊಂದರಿಂದ ಅದು ಯಂತ್ರದ ಅತ್ಯುನ್ನತ ಅಧಿಕಾರಿಯ ಸ್ಥಾನಕ್ಕೇರುತ್ತದೆ. ಇಲ್ಲಿ ಡ್ರೈವರ್ ಕೆಟ್ಟದ್ದೇನನ್ನೂ ಮಾಡಿರುವುದಿಲ್ಲ. ಯಾವ ಕೆಲಸಕ್ಕೆಂದು ರಚಿಸಲಾಗಿತ್ತೋ ಅದನ್ನೇ, ಕೇಳಿದವರು ಯಾರೆಂದು ನೋಡದೆ, ಮಾಡಿಕೊಟ್ಟಿರುತ್ತದೆ.

ಈ ಚರಿತ್ರೆಯ ತಿರುವು ಬಂದದ್ದು 2007ರಲ್ಲಿ, ರಕ್ಷಣೆಗೆಂದೇ ತಂದ ಒಂದು ನಿಯಮದಿಂದ. ಆ ವರ್ಷ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾದ 64 ಬಿಟ್ ಆವೃತ್ತಿಯು ಮಾನ್ಯತೆ ಪಡೆದ ಸಂಸ್ಥೆಯ ಡಿಜಿಟಲ್ ಸಹಿಯಿಲ್ಲದ ಡ್ರೈವರನ್ನು ಕರ್ನಲಿಗೆ ಸೇರಿಸುವುದನ್ನು ನಿಷೇಧಿಸಿತು. ಡಿಜಿಟಲ್ ಸಹಿಯೆಂದರೆ, ಕಡತವನ್ನು ಹೊರಡಿಸಿದವರು ಯಾರು ಮತ್ತು ಹೊರಟ ಮೇಲೆ ಅದರಲ್ಲಿ ಬದಲಾವಣೆ ಆಗಿಲ್ಲ ಎಂಬೆರಡು ಸಂಗತಿಗಳಿಗೆ ಗಣಿತದ ಆಧಾರದ ಮೇಲೆ ಕೊಡುವ ಸಾಕ್ಷ್ಯ. ಕಡತದೊಳಗಿನ ತಂತ್ರಾಂಶ ಸುರಕ್ಷಿತವಾಗಿದೆಯೇ ಎಂಬುದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ತಮ್ಮದೇ ಡ್ರೈವರಿಗೆ ಸಹಿ ದೊರೆಯದ ದಾಳಿಕೋರರು ಈ ಅಂತರವನ್ನು ಕಂಡುಕೊಂಡರು: ಪ್ರತಿಷ್ಠಿತ ಕಂಪನಿಯ ಸಹಿಯಿರುವ, ಆದರೆ ದೋಷವಿರುವ ಡ್ರೈವರೊಂದನ್ನು ತಾವೇ ಹೊತ್ತು ತಂದು, ಬಲಿಯಾಗಲಿರುವ ಯಂತ್ರದಲ್ಲಿ ಸ್ಥಾಪಿಸಿ, ಅದರ ದೋಷದ ಮೂಲಕ ಕರ್ನಲಿಗೆ ಇಳಿಯುವ ಕ್ರಮ ಬೆಳೆಯಿತು. ಡ್ರೈವರನ್ನು ಸ್ಥಾಪಿಸಲು ನಿರ್ವಾಹಕನ ಹಕ್ಕು ಬೇಕಾದರೂ, ಆ ಹಕ್ಕಿನಿಂದ ಮುಟ್ಟಲಾಗದ ರಕ್ಷಣಾ ತಂತ್ರಾಂಶಗಳನ್ನು ಕರ್ನಲಿನಿಂದ ಸುಮ್ಮನಾಗಿಸಬಹುದಾದ್ದರಿಂದ ಈ ಶ್ರಮ ವ್ಯರ್ಥವಾಗುತ್ತಿರಲಿಲ್ಲ. ಅದುವರೆಗೆ ಒಂದು ಉಪಕರಣ ತಂತ್ರಾಂಶದ ದೋಷದಿಂದ ಅಪಾಯವಿದ್ದದ್ದು ಅದನ್ನು ಸ್ಥಾಪಿಸಿಕೊಂಡವರಿಗಷ್ಟೆ. ಈಗ ಅದರ ಹೆಸರನ್ನೇ ಕೇಳದವರ ಯಂತ್ರಕ್ಕೂ ಅಪಾಯ ವ್ಯಾಪಿಸಿತು.

ಸ್ಪೀಡ್‌ಫ್ಯಾನಿನ ಡ್ರೈವರ್ ಯಾವುದೇ ಬಳಕೆದಾರನಿಗೆ ಎಂಎಸ್‌ಆರ್‌ಗಳನ್ನು ಬದಲಿಸಲು ಬಿಡುತ್ತದೆಂಬ ದೋಷ 2007ರಲ್ಲಿಯೇ ದಾಖಲಾಗಿತ್ತು. ಹನ್ನೊಂದು ವರ್ಷಗಳ ನಂತರ, 2018ರಲ್ಲಿ, ಕ್ಯಾಸ್ಪರ್‌ಸ್ಕಿ ಸಂಸ್ಥೆಯು ಮಧ್ಯಪ್ರಾಚ್ಯ ಮತ್ತು ಆಫ್ರಿಕಾದ ಸುಮಾರು ನೂರು ಯಂತ್ರಗಳಲ್ಲಿ ಪತ್ತೆಮಾಡಿದ ‘ಸ್ಲಿಂಗ್‌ಶಾಟ್’ ಎಂಬ ಗೂಢಚಾರ ತಂತ್ರಾಂಶವು ಕರ್ನಲಿಗೆ ಇಳಿಯಲು ಬಳಸಿದ ಡ್ರೈವರ್‌ಗಳಲ್ಲಿ ಅದೂ ಒಂದಾಗಿತ್ತು. ಅದೇ ವರ್ಷ ಇಸೆಟ್ ಸಂಸ್ಥೆ ವಿವರಿಸಿದ ‘ಲೋಜ್ಯಾಕ್ಸ್’ ದಾಳಿಯಲ್ಲಿ, ಯಂತ್ರದ ಒಳವಿವರಗಳನ್ನು ತೋರಿಸುವ ‘ಆರ್‌ಡಬ್ಲ್ಯು ಎವೆರಿಥಿಂಗ್’ ಎಂಬ ಉಪಕರಣದ ಡ್ರೈವರನ್ನು ಬಳಸಿ ಮದರ್‌ಬೋರ್ಡಿನ ಚಿಪ್ಪಿನಲ್ಲೇ ನೆಲೆಸಿರುವ ತಂತ್ರಾಂಶವಾದ ಫರ್ಮ್‌ವೇರನ್ನೇ ತಿದ್ದಲಾಗಿತ್ತು. ಹಾರ್ಡ್ ಡಿಸ್ಕನ್ನು ಬದಲಿಸಿದರೂ ಅಂಥ ಸೋಂಕು ಉಳಿದುಕೊಳ್ಳುತ್ತದೆ. ಗಿಗಾಬೈಟ್ ಕಂಪನಿಯ ಡ್ರೈವರಿನ ದೋಷಗಳನ್ನು ಸೆಕ್ಯೂರ್‌ಆತ್ ಸಂಸ್ಥೆ 2018ರ ಡಿಸೆಂಬರಿನಲ್ಲಿ ಪ್ರಕಟಿಸಿತು. 2020ರ ಫೆಬ್ರವರಿಯ ಹೊತ್ತಿಗೆ ‘ರಾಬಿನ್‌ಹುಡ್’ ಎಂಬ ಸುಲಿಗೆ ತಂತ್ರಾಂಶವು ಅದೇ ಡ್ರೈವರಿನಿಂದ ಸಹಿಯ ತಪಾಸಣೆಯನ್ನು ನಿಷ್ಕ್ರಿಯಗೊಳಿಸಿ, ಸಹಿಯಿಲ್ಲದ ತನ್ನ ಡ್ರೈವರನ್ನು ಒಳಕ್ಕೆ ಸೇರಿಸಿ, ರಕ್ಷಣಾ ತಂತ್ರಾಂಶಗಳನ್ನು ಅಳಿಸಿದ ನಂತರವೇ ಕಡತಗಳಿಗೆ ಬೀಗ ಜಡಿಯುತ್ತಿತ್ತೆಂದು ಸೋಫೋಸ್ ಸಂಸ್ಥೆ ವರದಿ ಮಾಡಿತು.

ಇವು ಬಿಡಿ ಘಟನೆಗಳಲ್ಲವೆಂಬುದನ್ನು 2019ರ ಆಗಸ್ಟಿನಲ್ಲಿ ಲಾಸ್ ವೇಗಾಸಿನ ಡೆಫ್‌ಕಾನ್ ಸಮ್ಮೇಳನದಲ್ಲಿ ಎಕ್ಲಿಪ್ಸಿಯಂ ಸಂಸ್ಥೆಯ ಸಂಶೋಧಕರು ತೋರಿಸಿಕೊಟ್ಟರು: ಕನಿಷ್ಠ 20 ತಯಾರಕರ 40ಕ್ಕೂ ಹೆಚ್ಚು ಡ್ರೈವರ್‌ಗಳಲ್ಲಿ ಒಂದೇ ಬಗೆಯ ವಿನ್ಯಾಸದೋಷವಿತ್ತು, ಅವೆಲ್ಲವೂ ಮಾನ್ಯ ಸಹಿಯನ್ನು ಹೊಂದಿದ್ದವು. 2021ರ ಮೇ ತಿಂಗಳಲ್ಲಿ ಸೆಂಟಿನೆಲ್‌ಒನ್ ಸಂಸ್ಥೆ ಬಹಿರಂಗಪಡಿಸಿದಂತೆ, ಫರ್ಮ್‌ವೇರ್ ನವೀಕರಣಕ್ಕಾಗಿ ಡೆಲ್ ಕಂಪನಿ ಬಳಸುತ್ತಿದ್ದ ಡ್ರೈವರ್ 2009ರಿಂದ ಹನ್ನೆರಡು ವರ್ಷಗಳ ಕಾಲ ಇಂಥ ದೋಷದೊಂದಿಗೇ ಕೋಟ್ಯಂತರ ಯಂತ್ರಗಳನ್ನು ತಲುಪಿತ್ತು. ತಿದ್ದುಪಡಿ ಹೊರಬಿದ್ದ ಕೆಲವೇ ತಿಂಗಳಲ್ಲಿ, ಲಾಜರಸ್ ಎಂಬ ದಾಳಿಕೋರ ತಂಡವು ನೆದರ್ಲೆಂಡ್ಸಿನ ವೈಮಾನಿಕ ಸಂಸ್ಥೆಯೊಂದರ ಮೇಲೆ ಡೆಲ್‌ನ ಆ ದೋಷಯುಕ್ತ ಡ್ರೈವರನ್ನೇ ಪ್ರಯೋಗಿಸಿತು. ದೋಷ ತಿದ್ದಿದ ಹೊಸ ಆವೃತ್ತಿ ಬಂದರೂ ಹಳೆಯ ಆವೃತ್ತಿಯ ಸಹಿ ಊರ್ಜಿತವಾಗಿಯೇ ಇರುವುದರಿಂದ, ದಾಳಿಕೋರರು ಹಳೆಯದನ್ನೇ ಜೊತೆಗೆ ತಂದರೆ ಸಾಕಾಗುತ್ತದೆ.

ಮೈಕ್ರೋಸಾಫ್ಟ್ ಇದಕ್ಕೆ ಹಂತಹಂತವಾಗಿ ಪರಿಹಾರ ಹುಡುಕಿತು. 2016ರ ವಿಂಡೋಸ್ 10 ಆವೃತ್ತಿಯಿಂದ ಹೊಸ ಡ್ರೈವರ್‌ಗಳು ತನ್ನ ಮೂಲಕವೇ ಸಹಿ ಪಡೆಯಬೇಕೆಂದು ವಿಧಿಸಿದ ಕಂಪನಿ, 2015ರ ಜುಲೈ 29ಕ್ಕಿಂತ ಮೊದಲಿನ ಪ್ರಮಾಣಪತ್ರಗಳಿಂದ ಸಹಿಯಾದವಕ್ಕೆ, ಹಳೆಯ ಯಂತ್ರಭಾಗಗಳು ನಿಂತುಹೋಗದಿರಲೆಂದು, ವಿನಾಯಿತಿ ನೀಡಿತು. ದೋಷಯುಕ್ತ ಡ್ರೈವರ್‌ಗಳ ನಿಷೇಧಪಟ್ಟಿಯೊಂದನ್ನು ಸಿದ್ಧಪಡಿಸಿದ್ದರೂ ಅದು ತಾನಾಗಿಯೇ ಜಾರಿಯಲ್ಲಿರುವಂತಾದದ್ದು 2022ರ ವಿಂಡೋಸ್ 11 ನವೀಕರಣದಿಂದ. 2025ರ ಮಾರ್ಚಿನಲ್ಲಿ ವಿಂಡೋಸಿನ ಡಿಫೆಂಡರ್ ತಂತ್ರಾಂಶವು ವಿನ್‌ರಿಂಗ್0 ಡ್ರೈವರನ್ನು ಅಪಾಯಕಾರಿಯೆಂದು ಗುರುತಿಸತೊಡಗಿದಾಗ, ಅದನ್ನೇ ನಂಬಿದ್ದ ಫ್ಯಾನ್ ನಿಯಂತ್ರಕಗಳು ಏಕಾಏಕಿ ಕೆಲಸ ನಿಲ್ಲಿಸಿದವು; ತಿದ್ದಿದ ಡ್ರೈವರಿಗೆ ಹೊಸ ಸಹಿ ಪಡೆಯಲು ನೋಂದಾಯಿತ ಸಂಸ್ಥೆಯ ಹೆಸರೂ ದುಬಾರಿ ಪ್ರಮಾಣಪತ್ರವೂ ಬೇಕಾದ್ದರಿಂದ, ಬಿಡುವಿನ ವೇಳೆಯಲ್ಲಿ ಅಂಥ ತಂತ್ರಾಂಶಗಳನ್ನು ನಡೆಸಿಕೊಂಡು ಬಂದಿದ್ದ ಸ್ವಯಂಸೇವಕರು ಕಷ್ಟಕ್ಕೆ ಸಿಲುಕಿದರು.

ಇದೇ ಅಗತ್ಯವನ್ನು ಲಿನಕ್ಸ್ ಬೇರೆ ದಾರಿಯಲ್ಲಿ ಪೂರೈಸಿತ್ತು. ಅಲ್ಲಿಯೂ ಭೌತಿಕ ಮೆಮೊರಿಯನ್ನು ತೆರೆದು ತೋರಿಸುವ ಹಳೆಯ ಮಾರ್ಗವಿದ್ದು, 2008ರ ಸುಮಾರಿಗೆ ಅದನ್ನು ಸಂಕುಚಿತಗೊಳಿಸಲಾಯಿತು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಪ್ರತಿಯೊಂದು ಅಳತೆಯ ಚಿಪ್ಪಿನ ತಿಳಿವಳಿಕೆಯನ್ನು ಕರ್ನಲಿನ ಡ್ರೈವರಿನಲ್ಲಿಯೇ ಇರಿಸಿ, ಉಷ್ಣಾಂಶ ಇಷ್ಟು, ಫ್ಯಾನಿನ ವೇಗ ಇಷ್ಟು ಎಂಬ ಸಿದ್ಧ ಅಂಕಿಗಳನ್ನು ಮಾತ್ರ ಹೊರವಲಯಕ್ಕೆ ಕೊಡುವ ಪದ್ಧತಿ ಅಲ್ಲಿ ನೆಲೆಗೊಂಡಿತು. ಹೊಸ ಚಿಪ್ ಬಂದಾಗಲೆಲ್ಲ ಕರ್ನಲಿಗೇ ಕೆಲಸ ಹೆಚ್ಚುವುದು ಈ ಪದ್ಧತಿಯ ಖರ್ಚು. ವಿಂಡೋಸ್ ಜಗತ್ತಿನ ತಯಾರಕರು ಆ ಖರ್ಚನ್ನು ಉಳಿಸಿಕೊಂಡರು, ಅದು ಕಾಲಾಂತರದಲ್ಲಿ ಬಳಕೆದಾರರ ತಲೆಯ ಮೇಲೆ ಬಂತು. ನಿಷೇಧಪಟ್ಟಿಯಿಂದ ಈ ಬಾಕಿ ತೀರುವುದಿಲ್ಲ, ಏಕೆಂದರೆ ಯಾರಾದರೂ ಪತ್ತೆಮಾಡಿ ವರದಿ ಮಾಡಿದ ಡ್ರೈವರ್ ಮಾತ್ರ ಅದರಲ್ಲಿ ಸೇರಬಲ್ಲದು. ಇನ್ನೂ ಪತ್ತೆಯಾಗದ ದೋಷವನ್ನು ಒಡಲಲ್ಲಿಟ್ಟುಕೊಂಡ ಡ್ರೈವರ್ ಹತ್ತು ವರ್ಷ ಹಳೆಯದಾಗಿದ್ದರೂ ತನ್ನ ಸಹಿಯ ಬಲದಿಂದಲೇ ಕರ್ನಲಿನೊಳಗೆ ಹೋಗಬಲ್ಲದು. ಆದ್ದರಿಂದ ಡ್ರೈವರಿಗೆ ಸಹಿ ಹಾಕುವ ಮುನ್ನ ಅದನ್ನು ಯಾರು ಬರೆದರೆಂಬುದರ ಜೊತೆಗೆ, ಅದು ಯಾರ ಕೈಗೆ ಎಷ್ಟು ಅಧಿಕಾರವನ್ನು ಒಪ್ಪಿಸುತ್ತದೆಂಬುದನ್ನೂ ಪರಿಶೀಲಿಸುವುದೇ 1996ರಿಂದ ಬೆಳೆದುಬಂದ ಈ ರೂಢಿಗೆ ತಕ್ಕ ಮದ್ದು.