ಸಂದರ್ಶನದ ಅಂಕಗಳು

ನಮ್ಮ ತೆಲಸಂಗದ ಹಿರಿಯರು ದೊಡ್ಡ ಬೇನೆ ಬಂದಾಗ ಮಿರಜದ ಹಾದಿ ಹಿಡಿಯುತ್ತಿದ್ದರು. ಡಾ. ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದ ಬಳಿಕ ಅಥಣಿ ಸೀಮೆಯವರಿಗೆ ಆ ಊರು ಪರಸ್ಥಳವೆನಿಸಲಿಲ್ಲ. ಆಸ್ಪತ್ರೆಗೆ ಹೋದವರು ಮೊದಲು ಕಾಣುವುದು ವೈದ್ಯರನ್ನಲ್ಲ, ಕೇಸ್ ಪೇಪರ್ ಬರೆದುಕೊಡುವ ಕಾರಕೂನನನ್ನು. ಕನ್ನಡವಷ್ಟೇ ಬಲ್ಲ ಅಜ್ಜಿಯ ಹೆಸರು, ವಯಸ್ಸು, ಬೇನೆಗಳನ್ನು ಅವನು ಸಮಾಧಾನದಿಂದ ಕೇಳಿ ಬರೆದನೆಂದರೆ ಅರ್ಧ ಕೆಲಸ ಆದಂತೆ.

ಇಂಥ ಹುದ್ದೆಯ ಸಂದರ್ಶನಕ್ಕೆ ಹೊರಟ ಹಳೆಯ ವಿದ್ಯಾರ್ಥಿಗಳು ಈಗಲೂ ನನ್ನನ್ನು ಕೇಳುವುದುಂಟು: "ಸರ್, ವಶೀಲಿ ಇಲ್ಲದವರಿಗೆ ಅಲ್ಲಿ ನ್ಯಾಯ ಸಿಕ್ಕೀತೇ?" ಈ ಸಂಶಯ ಹಳೆಯದು. ಅದರ ಇತಿಹಾಸದ ಒಂದು ಮುಖ್ಯ ಅಧ್ಯಾಯ ನಮ್ಮ ರಾಜ್ಯದ್ದೇ.

1956ರಲ್ಲಿ ನಾವು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದೆವಷ್ಟೆ. 1963ರಲ್ಲಿ ಮೈಸೂರು ಸರಕಾರವು ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶಕ್ಕೆ ಸಂದರ್ಶನವನ್ನು ಸೇರಿಸಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇಕಡಾ 25ರಷ್ಟನ್ನು ಅದಕ್ಕೆ ಗೊತ್ತುಪಡಿಸಿತು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್.ಸಿ.ಸಿ. ಮೊದಲಾದವು ಅಳತೆಗೋಲುಗಳು. ಆರ್. ಚಿತ್ರಲೇಖಾ ಮೊದಲಾದ ಅರ್ಜಿದಾರರ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1964ರ ತೀರ್ಪಿನಲ್ಲಿ ಸಂದರ್ಶನ ಪದ್ಧತಿಯನ್ನು ನ್ಯಾಯಾಲಯ ಎತ್ತಿಹಿಡಿಯಿತು.

ಹದಿನಾರು ವರ್ಷಗಳ ಬಳಿಕ ತಕ್ಕಡಿ ಇನ್ನೊಂದೆಡೆ ವಾಲಿತು. ಶ್ರೀನಗರದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಒಟ್ಟು 150 ಅಂಕಗಳಲ್ಲಿ 50 ಸಂದರ್ಶನಕ್ಕಿದ್ದವು. ಎರಡು ಮೂರು ನಿಮಿಷಗಳಲ್ಲಿ ತಂದೆ ಯಾರು, ಮನೆ ಎಲ್ಲಿ ಎಂದಷ್ಟೇ ಕೇಳಿ ಕಳುಹಿಸಿದರೆಂಬುದು ಅರ್ಜಿದಾರರ ದೂರು. (ನಮ್ಮ ಕಡೆಯ "ಯಾರ ಪೈಕಿ?" ಎಂಬ ಪ್ರಶ್ನೆ ಕಾಶ್ಮೀರದಲ್ಲೂ ಇತ್ತೆಂದಾಯಿತು!) 1980ರಲ್ಲಿ ಅಜಯ್ ಹಾಸಿಯಾ ಪ್ರಕರಣದಲ್ಲಿ ಅದೇ ನ್ಯಾಯಾಲಯವು ಇಂಥ ಪ್ರವೇಶಗಳಲ್ಲಿ ಸಂದರ್ಶನಕ್ಕೆ ಶೇಕಡಾ 15ಕ್ಕಿಂತ ಹೆಚ್ಚು ಅಂಕಗಳು ಸಲ್ಲವೆಂದಿತು, ಮಾತುಕತೆಯನ್ನು ಧ್ವನಿಮುದ್ರಿಸುವುದು ಒಳ್ಳೆಯದೆಂದೂ ಸೂಚಿಸಿತು. ಆ ಸಲಹೆ ನನಗೆ ಅಂಕಗಳ ಮಿತಿಗಿಂತಲೂ ಬೆಲೆಯುಳ್ಳದ್ದೆನಿಸುತ್ತದೆ.

ಇವೆರಡೂ ಕಾಲೇಜು ಪ್ರವೇಶದ ಮಾತಾಯಿತು. ನೌಕರಿಯ ಮಾತು ಬಂದದ್ದು 1985ರ ಅಶೋಕ್ ಕುಮಾರ್ ಯಾದವ್ ಪ್ರಕರಣದಲ್ಲಿ. ಹರಿಯಾಣದ ನಾಗರಿಕ ಸೇವೆಗಳ ಆಯ್ಕೆಯಲ್ಲಿದ್ದ ಶೇಕಡಾ 22.2 ಅತಿಯಾಯಿತು, 12.2ನ್ನು ಮೀರಬಾರದು ಎಂದು ತೀರ್ಪಾಯಿತು. ಕೇಂದ್ರ ಸರಕಾರವಂತೂ 2016ರ ಜನವರಿ 1ರಿಂದ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ನಮ್ಮ ಲೋಕಸೇವಾ ಆಯೋಗವು ಪ್ರಥಮ, ದ್ವಿತೀಯ ದರ್ಜೆ ಸಹಾಯಕರನ್ನು ಲಿಖಿತ ಪರೀಕ್ಷೆಯ ಅಂಕಗಳ ಮೇಲೆಯೇ ಆರಿಸುತ್ತದೆ. ಹೀಗಾಗಿ ಸಂದರ್ಶನದ ಭಯ ಇಂದು ಹೆಚ್ಚಾಗಿ ಉಳಿದಿರುವುದು ಖಾಸಗಿ ಆಸ್ಪತ್ರೆಗಳ ಕಛೇರಿಗಳಲ್ಲಿ ಮತ್ತು ಗುತ್ತಿಗೆಯ ಹುದ್ದೆಗಳಲ್ಲಿ.

ಸಂದರ್ಶನ ಪೂರ್ತಿ ತೊಲಗಬೇಕೆಂದು ನಾನು ಹೇಳಲಾರೆ. ನೋವಿನಿಂದ ನರಳುವವನೊಡನೆ ಮಾತಾಡುವ ಬಗೆಯನ್ನು ಉತ್ತರಪತ್ರಿಕೆ ತೋರಿಸದು. ಗಡಿಸೀಮೆಯಲ್ಲಿ ಕನ್ನಡ, ಮರಾಠಿ ಎರಡನ್ನೂ ಆಡಬಲ್ಲವನೇ ಎಂಬುದನ್ನು ಎದುರು ಕೂರಿಸಿಕೊಂಡೇ ನೋಡಬೇಕು. ಆದುದರಿಂದ ಹೊರಟವರಿಗೆ ನನ್ನ ಮಾತಿಷ್ಟೆ: ಮಂಡಳಿಯವರು ನಿಮ್ಮ ಮನೆತನವನ್ನು ವಿಚಾರಿಸಿದರೆ ಒಂದೇ ವಾಕ್ಯದಲ್ಲಿ ಮುಗಿಸಿ, ಕೆಲಸದ ವಿಷಯಕ್ಕೆ ಬನ್ನಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯುಂಟು. ಅದಕ್ಕೆ ಯಾವ ಕಾಗದಗಳು ಬೇಕು, ಪೂರ್ವಾನುಮತಿ ಹೇಗೆ ಪಡೆಯಬೇಕು ಎಂಬುದನ್ನು ಓದಿಕೊಂಡು ಹೋಗಿ.