ಮಂಗನ ಕಾಯಿಲೆ

ಮಂಗನ ಕಾಯಿಲೆಯು ಪಶ್ಚಿಮ ಘಟ್ಟದ ಕಾಡಂಚಿನಲ್ಲಿ ಉಣುಗುಗಳ (ಉಣ್ಣೆ) ಕಡಿತದಿಂದ ಬರುವ ವೈರಾಣು ಜ್ವರ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ್ದರಿಂದ ಇದನ್ನು ಕ್ಯಾಸನೂರು ಕಾಡಿನ ಕಾಯಿಲೆ, ಕೆಎಫ್‌ಡಿ ಎಂದೂ ಕರೆಯುತ್ತಾರೆ. ರೋಗಿಗಳಲ್ಲಿ ಸುಮಾರು ಶೇ 3ರಿಂದ 5ರಷ್ಟು ಮಂದಿ ಸಾಯುತ್ತಾರೆ.

ಪತ್ತೆ: 1957ರಲ್ಲಿ ಈ ಕಾಡಿನ ಮುಸುವ, ಕೋಡಗಗಳು ಒಂದರ ಹಿಂದೊಂದು ಸತ್ತವು. ಸುತ್ತಲ ಹಳ್ಳಿಗರಿಗೂ ತೀವ್ರ ಜ್ವರ, ಮೈಕೈ ನೋವು ಕಾಣಿಸಿಕೊಂಡವು, ಕೆಲವರಿಗೆ ರಕ್ತಸ್ರಾವವಾಯಿತು. ಸೊಳ್ಳೆಯಿಂದ ಹರಡುವ, ಆಫ್ರಿಕ, ದಕ್ಷಿಣ ಅಮೆರಿಕಗಳ ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂಬ ಆತಂಕ ಹುಟ್ಟಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದ (ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ) ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಸಂಗಡಿಗರು ನಡೆಸಿದ ತನಿಖೆಯಲ್ಲಿ ಸಿಕ್ಕ ವೈರಾಣು ರಷ್ಯಾದ ವಸಂತ–ಬೇಸಿಗೆ ಮಿದುಳುಜ್ವರದ ವೈರಾಣುವಿಗೆ ಹತ್ತಿರದ್ದಾಗಿತ್ತು. ಆ ಗುಂಪಿನವು ಉಣುಗುಗಳಿಂದ ಹರಡುವಂಥವು; ಹೀಗಾಗಿ ಶಂಕೆ ಸೊಳ್ಳೆಯಿಂದ ಉಣುಗಿನತ್ತ ಸರಿಯಿತು.

ಹರಡುವ ಬಗೆ: ಮುಖ್ಯ ವಾಹಕ ಹೀಮಾಫೈಸಾಲಿಸ್ ಸ್ಪಿನಿಜೆರ ಎಂಬ ಉಣುಗು. ಕಾಡಿಲಿ, ಮೂಗಿಲಿಗಳಂಥ ಸಣ್ಣ ಪ್ರಾಣಿಗಳು ಮತ್ತು ಉಣುಗುಗಳ ನಡುವೆ ವೈರಾಣು ಸದ್ದಿಲ್ಲದೆ ಸುತ್ತುತ್ತಿರುತ್ತದೆ. ಮಂಗನ ರಕ್ತದಲ್ಲಿ ಅದು ವಿಪರೀತ ಹೆಚ್ಚುತ್ತದೆ. ಮಂಗ ಸತ್ತಾಗ ಸೋಂಕು ತಗುಲಿದ ಉಣುಗುಗಳು ಅಲ್ಲೇ ನೆಲಕ್ಕಿಳಿಯುತ್ತವೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಎಳೆಯ ಉಣುಗುಗಳು. ಡಿಸೆಂಬರ್‌ನಿಂದ ಮೇವರೆಗೆ ಇವುಗಳ ಕಾಲ. ಮಲೆನಾಡಿನವರು ಸೌದೆ, ತರಗೆಲೆಗೆಂದು ಕಾಡಿಗೆ ಹೋಗುವುದೂ ಆಗಲೇ. ಬಲಿತ ಉಣುಗುಗಳು ಮೇಯುವ ದನಗಳ ರಕ್ತ ಹೀರಿ ಸಂತತಿ ಬೆಳೆಸುತ್ತವೆ.

ವ್ಯಾಪ್ತಿ: ಮೊದಲ ವರ್ಷಗಳಲ್ಲಿ ಸೊರಬ, ಸಾಗರ ಸುತ್ತಮುತ್ತಲಿಗೆ ಸೀಮಿತವಾಗಿದ್ದ ರೋಗ 1982–83ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ದೊಡ್ಡದಾಗಿ ಕಾಣಿಸಿಕೊಂಡಿತು, ಅಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿಯಲಾಗಿತ್ತು. 2012ರಲ್ಲಿ ಬಂಡೀಪುರದಲ್ಲೂ, ಆಮೇಲೆ ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲೂ ಪತ್ತೆಯಾಯಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಭಾಗ ತತ್ತರಿಸಿತು.

ನಿಯಂತ್ರಣ: ಈ ರೋಗ ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಆದ್ದರಿಂದ ಸಿಡುಬಿನಲ್ಲಿ ಮಾಡಿದಂತೆ ರೋಗಿಗಳನ್ನು ಬೇರ್ಪಡಿಸಿ ಇದನ್ನು ತಡೆಯಲಾಗದು. 1990ರಿಂದ ಲಸಿಕೆ ಬಳಕೆಗೆ ಬಂದರೂ ರಕ್ಷಣೆ ಬಹುಕಾಲ ನಿಲ್ಲದೆ ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕಿತ್ತು. ಪರಿಣಾಮ ಕಡಿಮೆಯೆಂದು 2022ರಲ್ಲಿ ಅದನ್ನು ಕೈಬಿಡಲಾಯಿತು. ಕಾಡಿಗೆ ಹೋಗುವವರಿಗೆ ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಮೊದಲು ಡಿಎಂಪಿ ತೈಲ ಹಂಚಲಾಗುತ್ತಿತ್ತು, ಈಚೆಗೆ ಡೆಪಾ ತೈಲ ಹಂಚಲಾಗುತ್ತಿದೆ. ಮಂಗ ಸತ್ತ ಸುದ್ದಿ ಬಂದೊಡನೆ ಶವ ಸುಟ್ಟು ಸುತ್ತಲಿನ ನೆಲಕ್ಕೆ ಕೀಟನಾಶಕ ಹಾಕುತ್ತಾರೆ. ವೈರಾಣುವಿನ ನೆಲೆ ಕಾಡೇ ಆಗಿರುವುದರಿಂದ ಅದನ್ನು ಬೇರುಸಹಿತ ಕೀಳುವುದಕ್ಕಿಂತ ಉಣುಗು ಮೈಗೆ ಹತ್ತದಂತೆ ನೋಡಿಕೊಳ್ಳುವುದೇ ಇಂದಿಗೂ ನಿಯಂತ್ರಣದ ತಿರುಳು.